ಸಣ್ಣ ಬೆಂಕಿಯ ಲೆಕ್ಕ

ಹೋದ ವರ್ಷ ಕೊಟ್ಟಿಗೆಹಾರದಲ್ಲಿ ಬಸ್ಸಿಗೆ ಕಾಯುತ್ತ ಒಂದು ಗೋದಾಮಿನ ಜಗುಲಿಯ ಮೇಲೆ ನಿಂತಿದ್ದೆ. ಘಾಟಿಯ ಕಡೆಯಿಂದ ಮಂಜು ಏರಿ ಬಂದು ರಸ್ತೆಯ ಆಚೆ ಬದಿ ಕಾಣುತ್ತಿರಲಿಲ್ಲ. ಗೋದಾಮಿನ ಬಾಗಿಲು ತೆರೆದರು. ಒಳಗಿನಿಂದ ಬಂದ ವಾಸನೆಯನ್ನು ನಾನು ತಕ್ಷಣ ಗುರುತಿಸಿದೆ. ಪೂರ್ತಿ ಒಣಗುವ ಮೊದಲೇ ಚೀಲ ಸೇರಿ ಬಾಯಿ ಹೊಲಿಸಿಕೊಂಡ ಕಾಫಿಯ ಮುಗ್ಗಲು ವಾಸನೆ ಅದು. ಚೀಲ ಹೊರಗೆಳೆಯುತ್ತಿದ್ದವನು ಮೂಗು ಮುಚ್ಚಿಕೊಂಡು, "ಯಾರೋ ಕಳ್ಳ ಹಸಿ ಮಾಲು ತುಂಬಿದಾನೆ ಮಾರಾಯ," ಎಂದು ಜೊತೆಯವನಿಗೆ ಹೇಳಿದ.

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಇದೇ ವಾಸನೆಯ ಎದುರು ಇದೇ ಮಾತನ್ನು ಒಬ್ಬ ಮನುಷ್ಯನ ಮುಖಕ್ಕೆ ಹೇಳಿದ್ದನ್ನು ನಾನು ಹತ್ತಿರದಲ್ಲಿ ನಿಂತು ಕೇಳಿದ್ದೆ. ಅಷ್ಟು ವರ್ಷ ಕಳೆದರೂ ಸಿಟ್ಟು ಇಳಿದಿಲ್ಲ ಎಂಬುದು ಆ ಜಗುಲಿಯ ಮೇಲೆ ನನಗೆ ಗೊತ್ತಾಯಿತು. ಸಿಟ್ಟಿನಲ್ಲಿ ಬರೆದರೆ ತಪ್ಪು ಬರೆಯುತ್ತೇವೆ. ಆದ್ದರಿಂದ ನಿಧಾನವಾಗಿ, ಕಂಡಷ್ಟನ್ನೇ ಬರೆಯುತ್ತೇನೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. ತೋಟದವರು ಹೊಸ ಜೀಪು ಕೊಂಡರು, ಮನೆಯ ಮೇಲೆ ಅಂತಸ್ತು ಎಬ್ಬಿಸಿದರು, ಯಂತ್ರಗಳನ್ನು ತರಿಸಿದರು. ನಾನು ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಅದರ ಮೇಲೆ ಕಂಪ್ಯೂಟರ್ ಕೋರ್ಸೊಂದನ್ನು ಮಾಡಿ, ಚಿಕ್ಕಮಗಳೂರಿನ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅದರ ಮಾಲೀಕರು ಶೇಖರ್. ಮೊದಲು ವೋಲ್ಟೇಜ್ ಸ್ಟೆಬಿಲೈಸರ್ ಮಾಡುತ್ತಿದ್ದವರು, ಕಾಫಿಯ ಬೆಲೆ ಏರಿದ ಮೇಲೆ ತೋಟದ ಡ್ರೈಯರುಗಳಿಗೆ ಒಂದು ಪೆಟ್ಟಿಗೆ ಮಾಡಿ ಮಾರಲು ಶುರು ಮಾಡಿದ್ದರು.

ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಬಿಸಿಲಿದ್ದರೆ ಅದನ್ನು ಕಣದಲ್ಲಿ ಹರವಿ ಒಣಗಿಸುತ್ತಾರೆ. ಆ ವರ್ಷ ಕೊಯ್ಲಿನ ಹೊತ್ತಿಗೆ ಸರಿಯಾಗಿ ಸೈಕ್ಲೋನ್ ಮಳೆ ಹಿಡಿದಿತ್ತು. ಕಣಗಳು ಕೆರೆಯಂತಾಗಿದ್ದವು. ಹಾಗಾಗಿ ಎಲ್ಲರೂ ಸೌದೆ ಉರಿಸಿ ಬಿಸಿಗಾಳಿ ಹಾಯಿಸುವ ಡ್ರೈಯರುಗಳನ್ನೇ ನಂಬಿದ್ದರು. ನಮ್ಮ ಪೆಟ್ಟಿಗೆಯ ತಂತಿಗಳು ಒಳಹೋಗುವ ಗಾಳಿಯನ್ನೂ ಹೊರಬರುವ ಗಾಳಿಯನ್ನೂ ಅಳೆಯುತ್ತಿದ್ದವು. ಅದರಿಂದ ಬೀಜದಲ್ಲಿ ಎಷ್ಟು ತೇವ ಉಳಿದಿದೆ ಎಂದು ಪೆಟ್ಟಿಗೆ ಲೆಕ್ಕ ಹಾಕುತ್ತಿತ್ತು. ತೇವ ಇರುವವರೆಗೆ ಕೆಂಪು ದೀಪ, ಒಣಗಿದರೆ ಹಸಿರು. ಹಸಿರು ಬಂದ ಕೂಡಲೇ ಒಲೆಯಿಂದ ಬೆಂಕಿ ಎಳೆದು ಚೀಲ ತುಂಬಬೇಕು. ಜಾಸ್ತಿ ಒಣಗಿದರೆ ತೂಕ ಹೋಗುತ್ತದೆ ಎಂದು ತೋಟದ ಮಾಲೀಕರೆಲ್ಲ ಈ ವಿಷಯದಲ್ಲಿ ಬಲು ಬಿಗಿ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಮಲ್ಲೇಗೌಡರದು ದೊಡ್ಡ ತೋಟ. ಅವರಲ್ಲಿ ಡ್ರೈಯರ್ ನೋಡಿಕೊಳ್ಳುತ್ತಿದ್ದವನು ಶೀನಪ್ಪ. ಅವನ ಹೆಂಡತಿ ರತ್ನ ಅದೇ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದಳು. ಇಬ್ಬರಿಗೂ ಸೇರಿ ಮನೆಯ ಹಿತ್ತಲಲ್ಲಿ ಒಂದಷ್ಟು ಸ್ವಂತ ಕಾಫಿಗಿಡಗಳಿದ್ದವು. ಆ ಗಿಡಗಳ ವಿಷಯ ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ಹೊಟ್ಟು ತೆಗೆದು ಮಾರಾಟಕ್ಕೆ ಹದಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೋದ ಮಲ್ಲೇಗೌಡರ ಪಾರ್ಚ್‌ಮೆಂಟಿನಲ್ಲಿ ಒಂದು ಲಾಟ್ ಬೂಷ್ಟು ಹಿಡಿದು ವಾಪಸ್ಸು ಬಂತು. ತೋಟದ ಅತಿ ಒಳ್ಳೆಯ ಮಾಲೇ ಅದು. ಗೌಡರು ಶೇಖರ್‌ಗೆ ಫೋನ್ ಮಾಡಿ ಬೈದರು. ಮರುದಿನ ಬೆಳಿಗ್ಗೆಯೇ ಶೇಖರ್ ತಕ್ಕಡಿ, ಮೀಟರು ಎಲ್ಲ ಹೇರಿಕೊಂಡು ಹೊರಟರು. ತಂತಿ ಹಿಡಿಯಲು ನಾನೂ ಹೋದೆ. ಸ್ವಲ್ಪ ಹಸಿ ಪಾರ್ಚ್‌ಮೆಂಟನ್ನು ಡ್ರೈಯರಿಗೆ ಹಾಕಿಸಿ, ದೊಡ್ಡ ಬೆಂಕಿ ಮಾಡಿಸಿದರು. ಸಂಜೆಯ ಹೊತ್ತಿಗೆ ಹಸಿರು ದೀಪ ಬಂತು. ತೂಗಿ ನೋಡಿದರೆ ಸರಿಯಾಗಿ ಒಣಗಿತ್ತು.

ಆಗ ಹಣ್ಣು ತೂಗುವ ಹೊತ್ತು. ಕೊಯ್ಲಿನ ಹೆಂಗಸರೆಲ್ಲ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಹಣ್ಣಿನ ಚೀಲ ಕಾಲಬುಡದಲ್ಲಿಟ್ಟುಕೊಂಡು ಸಾಲಾಗಿ ನಿಂತಿದ್ದರು. ವಾಪಸ್ಸು ಬಂದ ಚೀಲಗಳನ್ನು ಅಲ್ಲೇ ಬಿಚ್ಚಿ ಇಟ್ಟಿದ್ದರು. ಅಂಗಳದ ತುಂಬ ಆ ವಾಸನೆ.

"ನೋಡಿ ಗೌಡ್ರೆ, ಪೆಟ್ಟಿಗೇಲಿ ಕೂದಲಷ್ಟೂ ವ್ಯತ್ಯಾಸ ಇಲ್ಲ," ಎಂದರು ಶೇಖರ್.

ತೋಟದ ಲೆಕ್ಕ ಬರೆಯುವ ರೈಟರ್ ತರ್ಕ ಮಾಡುವವನು. ಬೆರಳು ಮಡಚುತ್ತ ಹೇಳಿದ: "ಪೆಟ್ಟಿಗೆ ಸರಿ ಇದೆ. ಅದು ಒಣಗಿದೆ ಅಂತು ಅಂದ್ರೆ ಒಣಗಿತ್ತು. ಒಣಗಿದ ಮಾಲು ಹಸಿ ಆಗಲ್ಲ. ಹಂಗಾರೆ ಈ ಚೀಲದಲ್ಲಿರೋದು ನಮ್ಮ ಮಾಲೇ ಅಲ್ಲ."

ಮಲ್ಲೇಗೌಡರು ಶೀನಪ್ಪನ ಕಡೆ ತಿರುಗಿದರು. "ನಿನ್ನ ಹಿತ್ಲಲ್ಲೂ ಕಾಫಿ ಇದೆಯಲ್ಲ ಶೀನಪ್ಪ? ಈ ಮಳೇಲಿ ಹೆಂಗೆ ಒಣಗಿಸ್ದೆ?"

ಶೀನಪ್ಪನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಎಂತ ಹೇಳ್ತಿದೀರಿ ಗೌಡ್ರೆ? ದೀಪ ಹಸಿರಾಯ್ತು, ಬೆಂಕಿ ಎಳ್ದೆ, ತುಂಬ್ದೆ. ನೀವು ಹೇಳ್ದಂಗೇ ಮಾಡಿದ್ದು."

"ನಮ್ಮ ಒಣ ಮಾಲು ನಿನ್ನ ಮನೆಗೆ, ನಿನ್ನ ಹಸಿ ಮಾಲು ನಮ್ಮ ಚೀಲಕ್ಕೆ. ಕಳ್ಳ! ನಾಳೆಯಿಂದ ಈ ಗೇಟಿನೊಳಗೆ ಕಾಲಿಡ್ಬೇಡ."

ಗೌಡರು ಅಷ್ಟು ಜನರ ಎದುರು ಹೇಳಿದರು. ರತ್ನ ಸಾಲಿನಲ್ಲಿ ನಿಂತಿದ್ದಳು. ಶೀನಪ್ಪ ಪೆಟ್ಟಿಗೆಯನ್ನೇ ನೋಡುತ್ತಿದ್ದ, ಅದು ಏನಾದರೂ ಹೇಳೀತು ಎಂಬಂತೆ. ಶೇಖರ್ ತಕ್ಕಡಿ ಮಡಚಿ ಜೀಪಿಗೆ ಹಾಕಿದರು. ವಾಪಸ್ಸು ಬರುವ ದಾರಿಯಲ್ಲಿ, "ಸದ್ಯ, ನಮ್ಮ ತಲೆಗೆ ಬರಲಿಲ್ಲ," ಎಂದು ನಿಟ್ಟುಸಿರು ಬಿಟ್ಟರು. ನನಗೆ ಆಗ ಏನೂ ತಿಳಿದಿರಲಿಲ್ಲ.

ಕೆಲವು ದಿನಗಳ ಮೇಲೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಶೀನಪ್ಪ ಸಿಕ್ಕಿದ. ಕಳಸದ ಕಡೆ ಕೆಲಸ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದಿದ್ದ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು.

"ಪೆಟ್ಟಿಗೆ ಅಮ್ಮ ಅಲ್ವಾ ನೀವು?" ಎಂದ. "ಹೆಂಗಿದೆ ನಿಮ್ಮ ಪೆಟ್ಟಿಗೆ? ಆರಾಮಾ? ಅದಕ್ಕೇನು, ಅದರ ಮಾತು ಎಲ್ಲಾರೂ ನಂಬ್ತಾರೆ."

ನಾನು ಅವನ ಪಕ್ಕ ಕೂತು, ಆ ಲಾಟ್ ಒಣಗಿಸಿದ್ದು ಹೇಗೆ, ಬೆಂಕಿ ಎಷ್ಟು ದೊಡ್ಡದಿತ್ತು ಎಂದು ಕೇಳಿದೆ.

"ಎಂತ ಬೆಂಕಿ ಮಾರಾಯ್ರೆ, ಬೀಡಿ ಹಚ್ಕಳೋಷ್ಟು! ಗೌಡ್ರೇ ಹೇಳಿದ್ದು. ತೋಟದ ತಲೆ ಕಾಫಿ ಇದು, ಗಡಿಬಿಡೀಲಿ ಒಣಗಿಸಿದ್ರೆ ರುಚಿ ಕೆಡತ್ತೆ, ಸಣ್ಣ ಬೆಂಕೀಲಿ ನಿಧಾನಕ್ಕೆ ಒಣಗಿಸು ಅಂತ. ಎರಡು ದಿನ ಸೌದೆ ಲೆಕ್ಕ ಮಾಡಿ ಮಾಡಿ ಹಾಕಿದೀನಿ."

"ತುಂಬೋವಾಗ ಹಸಿ ಅನ್ನಿಸಲಿಲ್ವಾ?"

"ಸುಳ್ಳು ಯಾಕೆ ಹೇಳ್ಲಿ? ನಂಗೂ ಒಣಗಿದಂಗೇ ಕಂಡ್ತು. ಮೇಲೆಲ್ಲ ಒಣಗಿತ್ತು. ಒಳಗಿಂದು ನಂಗೆ ಹೆಂಗೆ ಗೊತ್ತಾಗ್ಬೇಕು? ಅದು ಗೊತ್ತಾಗ್ಲಿ ಅಂತ ಅಲ್ವಾ ಪೆಟ್ಟಿಗೆ ತಂದಿದ್ದು?"

ಸಣ್ಣ ಬೆಂಕಿ. ಚಿಕ್ಕಮಗಳೂರಿನ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ವರ್ಕ್‌ಶಾಪಿನಲ್ಲಿ ಪರೀಕ್ಷೆ ಮಾಡುವಾಗ ನಾವು ಯಾವತ್ತೂ ಸಣ್ಣ ಬೆಂಕಿಯ ಲೆಕ್ಕ ಕೊಟ್ಟಿರಲಿಲ್ಲ. ಎರಡು ದಿನ ಕಾಯುವ ತಾಳ್ಮೆ ಶೇಖರ್‌ಗೆ ಇರಲಿಲ್ಲ, ಅಷ್ಟು ಹೊತ್ತು ಕರೆಂಟೂ ಇರುತ್ತಿರಲಿಲ್ಲ.

ಪೆಟ್ಟಿಗೆಯ ಲೆಕ್ಕ ಹೀಗಿತ್ತು. ಗಾಳಿ ಪ್ರತಿ ಸಲ ಹಾಯುವಾಗಲೂ ತೇವದ ಒಂದು ಪಾಲು ಹೋಗುತ್ತದೆ, ಉಳಿದ ಪಾಲು ಉಳಿಯುತ್ತದೆ. ಆ ಉಳಿಯುವ ಪಾಲನ್ನು ಅದರಿಂದಲೇ ಎಷ್ಟು ಸಲ ಗಾಳಿ ಹಾಯಿತೋ ಅಷ್ಟು ಸಲ ಗುಣಿಸಬೇಕು. ಇದನ್ನೇ ಘಾತ, ಇಂಗ್ಲಿಷಿನಲ್ಲಿ ಪವರ್, ಎನ್ನುತ್ತೇವೆ. ಬೆಂಕಿ ದೊಡ್ಡದಿದ್ದರೆ ಉಳಿಯುವ ಪಾಲು ೦.೯೯ ಇರಬಹುದು. ಸಣ್ಣ ಬೆಂಕಿಯಾದರೆ ೦.೯೯೯೭ರಂತೆ ಒಂದಕ್ಕೆ ತೀರಾ ಹತ್ತಿರ ಇರುತ್ತದೆ, ಮತ್ತು ಸಾವಿರಾರು ಸಲ ಗುಣಿಸಬೇಕಾಗುತ್ತದೆ. ಘಾತ ತೆಗೆಯುವ ಫಂಕ್ಷನ್ ನಮ್ಮದಲ್ಲ. ಪೆಟ್ಟಿಗೆಯೊಳಗೆ ಲೆಕ್ಕ ಮಾಡುವ ಚಿಪ್ಪಿಗೆಂದು ಹೊರಗಿನವರೊಬ್ಬರು ಬರೆದು ಮಾರುತ್ತಿದ್ದ ಗಣಿತದ ಲೈಬ್ರರಿಯೊಳಗೆ ಅದು ಬರುತ್ತಿತ್ತು. ಸೈನ್, ಕಾಸ್, ಲಾಗ್, ಘಾತ ಎಲ್ಲ ಸಿದ್ಧವಾಗಿ ಒಂದೇ ಕಟ್ಟಿನಲ್ಲಿ.

ಸಣ್ಣ ಬೆಂಕಿಯ ಸಂಖ್ಯೆಗಳನ್ನು ಅದಕ್ಕೆ ಕೊಟ್ಟೆ. ಆಫೀಸಿನ ಕಂಪ್ಯೂಟರಿನಲ್ಲಿ ಅದೇ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ಹೋಗುವ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಗಾಳಿ ಹೀರಬಲ್ಲ ತೇವದಲ್ಲಿ ಇನ್ನೂ ನೂರಕ್ಕೆ ಒಂಬತ್ತು ಪಾಲು ಉಳಿದಿದೆ ಎಂದಿತು ಕಂಪ್ಯೂಟರ್. ಪೆಟ್ಟಿಗೆಯ ಚಿಪ್ಪು ಆರು ಎಂದಿತು. ಆರಕ್ಕೆ ಇಳಿದರೆ ದೀಪ ಹಸಿರು. ನಾನು ಮತ್ತೆ ಮಾಡಿದೆ. ಅದೇ ಬಂತು. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಮಾಡಿದೆ.

ಕಾರಣ ಹುಡುಕಲು ಹೆಚ್ಚು ದಿನ ಹಿಡಿಯಲಿಲ್ಲ. ಚಿಪ್ಪು ಸಂಖ್ಯೆಯನ್ನು ಇಟ್ಟುಕೊಳ್ಳುವಾಗ ಕೆಲವೇ ಅಂಕಿಗಳನ್ನು ಹಿಡಿದು, ದಶಮಾಂಶ ಬಿಂದು ಎಲ್ಲಿದೆ ಎಂಬುದನ್ನು ಬೇರೆ ಬರೆದುಕೊಳ್ಳುತ್ತದೆ. ಆ ಮಿತಿಯೊಳಗೆ ಎಚ್ಚರದಿಂದ ಲೆಕ್ಕ ಮಾಡಿದರೆ ತೊಂದರೆಯಿಲ್ಲ. ಲೈಬ್ರರಿ ಬರೆದವನು ಎಚ್ಚರ ವಹಿಸಿರಲಿಲ್ಲ. ಅವನ ಫಂಕ್ಷನ್ ಮೊದಲು ಸಂಖ್ಯೆಯ ಲಾಗರಿದಮ್, ಅಂದರೆ ಲಾಗ್, ತೆಗೆದು, ಅದನ್ನು ಎಷ್ಟು ಸಲ ಎಂಬ ಸಂಖ್ಯೆಯಿಂದ ಗುಣಿಸಿ, ಕೊನೆಗೆ ಲಾಗಿನಿಂದ ವಾಪಸ್ಸು ಬರುತ್ತಿತ್ತು. ಲಾಗಿನಲ್ಲಿ ಯಾವಾಗಲೂ ಒಂದು ಚೂರು ತಪ್ಪು ಇರುತ್ತಿತ್ತು. ಲಾಗ್ ದೊಡ್ಡದಿದ್ದಾಗ ಆ ಚೂರು ಲೆಕ್ಕಕ್ಕಿಲ್ಲ. ಆದರೆ ಒಂದಕ್ಕೆ ಹತ್ತಿರದ ಸಂಖ್ಯೆಯ ಲಾಗ್ ತಾನೇ ಒಂದು ಚೂರು. ಚೂರಿನಲ್ಲಿ ಚೂರು ತಪ್ಪಿದರೆ ಉಳಿಯುವುದೇನು? ಆ ತಪ್ಪಿನ ಸಮೇತ ಅದನ್ನು ಸಾವಿರಾರು ಪಟ್ಟು ಹಿಗ್ಗಿಸಿ ದೀಪ ಹಸಿರು ಮಾಡುತ್ತಿತ್ತು.

ನನ್ನನ್ನು ಇಂದಿಗೂ ಉರಿಸುವುದು ಇದು. ಗಡಿಬಿಡಿಯಲ್ಲಿ ದೊಡ್ಡ ಬೆಂಕಿ ಹಾಕಿ ಕಾಫಿಯ ರುಚಿ ಕೆಡಿಸುವವರಿಗೆಲ್ಲ ಪೆಟ್ಟಿಗೆ ಸರಿಯಾದ ಉತ್ತರ ಕೊಡುತ್ತಿತ್ತು. ಹೇಳಿದಂತೆ, ನಿಧಾನವಾಗಿ, ಸೌದೆ ಎಣಿಸಿ ಹಾಕಿದವನಿಗೆ ಸುಳ್ಳು ಹೇಳುತ್ತಿತ್ತು. ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ದೊಡ್ಡ ಸುಳ್ಳು. ಆಮೇಲೆ ಆ ಸುಳ್ಳನ್ನು ಪರೀಕ್ಷಿಸಲು ಹೋದ ನಾವು ಮತ್ತೆ ದೊಡ್ಡ ಬೆಂಕಿ ಹಾಕಿ, ಪೆಟ್ಟಿಗೆ ನಿರ್ದೋಷಿ ಎಂದು ಸಾರಿ ಬಂದಿದ್ದೆವು.

ಲೈಬ್ರರಿ ಮಾರಿದವರಿಗೆ ಫೋನ್ ಮಾಡಿದೆ. ಆ ಕಡೆಯ ಮನುಷ್ಯ ಸಮಾಧಾನವಾಗಿಯೇ ಮಾತಾಡಿದ. "ಒಂದಕ್ಕೆ ಅಷ್ಟು ಹತ್ತಿರದ ಸಂಖ್ಯೆ ಯಾರೂ ಕೊಡಲ್ಲ ಮೇಡಂ. ನಮಗೆ ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ."

"ಅದರಿಂದ ಇಲ್ಲಿ ಒಬ್ಬನ ಕೆಲಸ ಹೋಗಿದೆ," ಎಂದೆ.

"ಪವರ್ ಫಂಕ್ಷನ್‌ನಿಂದಾ?" ಎಂದು ಅವನು ನಕ್ಕ.

ನಾನೇ ತಿದ್ದಲು ಕೂತೆ. ಸಂಖ್ಯೆ ಒಂದಕ್ಕೆ ಹತ್ತಿರವಿದ್ದರೆ ಮೊದಲು ಒಂದರಿಂದ ಅದು ಎಷ್ಟು ಕಡಿಮೆ ಎಂದು ಕಳೆದು ನೋಡುವುದು. ಆ ಕಳೆಯುವಿಕೆಯಲ್ಲಿ ಒಂದು ಅಂಕಿಯೂ ನಷ್ಟವಾಗುವುದಿಲ್ಲ. ಆ ಉಳಿಕೆಯಿಂದ ಲಾಗನ್ನು ಕಟ್ಟುವುದು. ಕಟ್ಟಿದ ಲಾಗನ್ನು ದೊಡ್ಡ ಭಾಗ, ಬಾಲದ ಭಾಗ ಎಂದು ಎರಡಾಗಿ ಇಟ್ಟುಕೊಂಡು ಬೇರೆಬೇರೆ ಗುಣಿಸುವುದು. ಹೇಳುವುದು ಸುಲಭ. ಒಂದು ಕಡೆ ತಿದ್ದಿದರೆ ಹಳೆಯ ವಿಧಾನಕ್ಕೂ ಹೊಸ ವಿಧಾನಕ್ಕೂ ಗಡಿ ಬರುವಲ್ಲಿ ಉತ್ತರ ಮೆಟ್ಟಿಲು ಇಳಿದಂತೆ ಜಿಗಿಯುತ್ತಿತ್ತು. ಅದನ್ನು ನಯ ಮಾಡಿದರೆ ದೊಡ್ಡ ಸಂಖ್ಯೆಗಳ ಬಾಲ ಕಳಚುತ್ತಿತ್ತು. ಪ್ರತಿ ಸಲವೂ ಚಿಪ್ಪನ್ನು ನೇರಳಾತೀತ ದೀಪದ ಕೆಳಗಿಟ್ಟು ಅಳಿಸಿ, ಹೊಸದಾಗಿ ತುಂಬಿ ನೋಡಬೇಕು. ಹೊರಗೆ ಮಳೆ ಬಿಟ್ಟು ಬಿಸಿಲು ಬಂತು. ತೋಟಗಳಲ್ಲಿ ಕೊಯ್ಲು ಭರದಿಂದ ನಡೆದಿತ್ತು. ಕೊನೆಗೆ ಎಲ್ಲ ಸರಿ ಬಂದಾಗ ಚಿಪ್ಪಿನಲ್ಲಿ ಜಾಗ ಸಾಲಲಿಲ್ಲ. ಪೆಟ್ಟಿಗೆ ಹಚ್ಚಿದ ಕೂಡಲೇ ಪರದೆಯ ಮೇಲೆ ವರ್ಕ್‌ಶಾಪಿನ ಹೆಸರೂ ಸುಸ್ವಾಗತವೂ ಓಡುತ್ತಿದ್ದವು. ಅದನ್ನು ಕಿತ್ತು ಹಾಕಿದೆ.

ಶೇಖರ್ ಮೊದಲು ಸಿಟ್ಟಾದದ್ದು ಅದಕ್ಕೆ. "ಹೆಸರು ಎಲ್ಲಿ ಹೋಯ್ತು ಸುಧಾ?"

ನಾನು ಎಲ್ಲವನ್ನೂ ವಿವರಿಸಿದೆ. ಅವರು ದಡ್ಡರಲ್ಲ, ಬೇಗ ಅರ್ಥ ಮಾಡಿಕೊಂಡರು. ಅರ್ಥವಾದದ್ದು ಮುಖದಲ್ಲಿ ಕಂಡಿತು. ನಂತರ ಎದ್ದು ಬಾಗಿಲು ಮುಚ್ಚಿ ಬಂದರು.

"ಒಳ್ಳೇ ಕೆಲಸ ಮಾಡಿದೀಯ. ಸರ್ವೀಸಿಂಗ್ ಅಂತ ಹೇಳಿ ಎಲ್ಲಾ ತೋಟದಲ್ಲೂ ಚಿಪ್ ಬದಲಾಯಿಸೋಣ. ಯಾಕೆ ಅಂತ ಯಾರಿಗೂ ಹೇಳೋದು ಬೇಡ."

"ಶೀನಪ್ಪ?"

"ಅವನ ವಿಷಯ ಗೌಡ್ರದ್ದು. ನಾವೇನು ಅವನನ್ನ ಕಳ್ಳ ಅಂದ್ವಾ? ಪೆಟ್ಟಿಗೆ ಸರಿ ಇದೆ ಅಂದ್ವಿ, ಅಷ್ಟೇ."

"ಸರಿ ಇರಲಿಲ್ವಲ್ಲ ಸಾರ್."

"ಈಗ ಇದೆಯಲ್ಲ! ನೀನು ಆ ತೋಟಕ್ಕೆ ಹೋಗಿ ಬಾಯಿ ಬಿಟ್ಟರೆ ವಾಪಸ್ ಇಲ್ಲಿಗೆ ಬರೋದು ಬೇಡ, ತಿಳ್ಕೋ."

ಈಗ ಇದೆಯಲ್ಲ. ಇದಕ್ಕಿಂತ ಹೊಲಸು ಮಾತನ್ನು ನಾನು ಕೆಲಸದ ಜಾಗದಲ್ಲಿ ಕೇಳಿಲ್ಲ. ಆಮೇಲಿನ ವರ್ಷಗಳಲ್ಲಿ ಬೇರೆಬೇರೆ ಕಡೆ, ಬೇರೆಬೇರೆ ದೊಡ್ಡ ಮನುಷ್ಯರ ಬಾಯಲ್ಲಿ ಇದನ್ನೇ ಕೇಳಿದ್ದೇನೆ. ತಪ್ಪು ತಿದ್ದಿದ ಮೇಲೆ ಅದು ನಡೆದೇ ಇರಲಿಲ್ಲವಂತೆ. ಅದರ ಕೆಳಗೆ ಸಿಕ್ಕಿದವನೂ ಇರಲಿಲ್ಲವಂತೆ.

ಮೊದಲು ಶೀನಪ್ಪನ ಮನೆಗೆ ಹೋದೆ. ಹಿತ್ತಲಲ್ಲಿ ಮರ ಹತ್ತಿ ನೆರಳಿನ ಕೊಂಬೆ ಕಡಿಯುತ್ತ ಮರಗಸಿ ಮಾಡುತ್ತಿದ್ದವನು ಇಳಿದು ಬಂದ. ಪೆಟ್ಟಿಗೆ ತಪ್ಪಿತ್ತು, ನೀನು ಏನೂ ಮಾಡಿಲ್ಲ ಎಂದು ಹೇಳಿದೆ. ಅವನ ಮುಖ ಅರಳೀತು ಎಂದುಕೊಂಡಿದ್ದೆ. ಅವನು ಕತ್ತಿಯನ್ನು ಕಟ್ಟೆಗೆ ಒರಗಿಸಿಟ್ಟ.

"ಇದನ್ನ ನಂಗೆ ಯಾಕೆ ಹೇಳ್ತೀರಿ ಅಮ್ಮಾ? ನಾನು ಮಾಡಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು."

ರತ್ನ ಒಳಗಿನಿಂದಲೇ ಹೇಳಿದಳು: "ನಾನು ದಿನಾ ಅಲ್ಲಿಗೆ ಹೋಗ್ತೀನಿ. ನನ್ನ ಚೀಲ ತೂಗೋವಾಗ ರೈಟರು ಕೈ ಹಾಕಿ ತಳದವರೆಗೂ ನೋಡ್ತಾನೆ, ಕಲ್ಲು ಇಟ್ಟಿದೀನಾ ಅಂತ. ಬೇರೆ ಯಾರ ಚೀಲಾನೂ ನೋಡಲ್ಲ. ಎಲ್ಲಿ ಹೇಳಿದ್ರೋ ಅಲ್ಲಿ ಬಂದು ಹೇಳಿ."

ಮರುದಿನ ಸಂಜೆ ಎರಡು ಪೆಟ್ಟಿಗೆಗಳನ್ನು ಹೊತ್ತುಕೊಂಡು ಬಾಡಿಗೆ ಜೀಪಿನಲ್ಲಿ ಹೋದೆ. ಒಂದರಲ್ಲಿ ಹಳೆಯ ಚಿಪ್ಪು, ಇನ್ನೊಂದರಲ್ಲಿ ಹೊಸದು. ಮಲ್ಲೇಗೌಡರು ಮರ್ಯಾದೆಯಿಂದಲೇ ಒಳಗೆ ಕೂರಿಸಿ ಕಾಫಿ ಕೊಡಿಸಿದರು. ನಾನು ಎರಡೂ ಪೆಟ್ಟಿಗೆಗಳಿಗೆ ಸಣ್ಣ ಬೆಂಕಿಯ ಅದೇ ಸಂಖ್ಯೆಗಳನ್ನು ಕೊಟ್ಟು, ಪರೀಕ್ಷೆಗೆಂದು ಇಟ್ಟ ಗುಂಡಿ ಒತ್ತಿ ಎರಡು ದಿನದ ಲೆಕ್ಕವನ್ನು ಬೇಗ ಓಡಿಸಿದೆ. ಹಳೆಯದು ಹಸಿರಾಯಿತು. ಹೊಸದು ಕೆಂಪಾಗಿಯೇ ಉಳಿಯಿತು. ಅದು ತೋರಿಸಿದ ತೇವ, ಕ್ಯೂರಿಂಗ್ ವರ್ಕ್ಸಿನವರು ಆ ಚೀಲಗಳಲ್ಲಿ ಕಂಡ ತೇವಕ್ಕೆ ಹತ್ತಿರ ಇತ್ತು.

ಗೌಡರು ಎರಡು ದೀಪಗಳನ್ನೂ ನೋಡಿದರು. "ಹಂಗಾರೆ ಅವನದ್ದು ತಪ್ಪಿಲ್ಲ," ಎಂದರು.

"ಹೊರಗೆ ಬಂದು ಎಲ್ಲರ ಎದುರು ಹೇಳಿ ಗೌಡ್ರೆ."

"ಅದೆಲ್ಲ ಬೇಡ ಅಮ್ಮ. ನಾನು ಅವನಿಗೆ ಹೇಳಿ ಕಳಿಸ್ತೀನಿ, ನಾಳೆಯಿಂದ ಬರ್ಲಿ. ಆದದ್ದು ಆಯ್ತು. ಒಂದು ಸಲ ಹೇಳಿದ ಮಾತು ನಾನೇ ವಾಪಸ್ ತಗೊಂಡ್ರೆ, ನಾಳೆ ಆಳುಗಳ ಹತ್ರ ಕೆಲಸ ತೆಗೆಸೋದು ಹೆಂಗೆ?"

ಕಾಫಿ ಲೋಟ ಅಲ್ಲೇ ಬಿಟ್ಟು, ಪೆಟ್ಟಿಗೆಗಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ. ತೂಕದ ಹೊತ್ತು. ಹೆಂಗಸರು ಸಾಲಾಗಿ ನಿಂತಿದ್ದರು. ಶೀನಪ್ಪ ಗೇಟಿನ ಹೊರಗೆ ನಿಂತಿದ್ದ. ರತ್ನ ಹೇಳಿ ಕರೆಸಿದ್ದಿರಬೇಕು. ನನಗೆ ಜನರ ಎದುರು ಮಾತಾಡಿ ಅಭ್ಯಾಸವಿರಲಿಲ್ಲ. ಎರಡು ಪೆಟ್ಟಿಗೆಗಳನ್ನು ಕಟ್ಟೆಯ ಮೇಲಿಟ್ಟು ಮತ್ತೆ ಅದೇ ಲೆಕ್ಕ ಓಡಿಸಿದೆ. ಒಂದೇ ಬೆಂಕಿ, ಒಂದೇ ಕಾಫಿ, ಈ ಪೆಟ್ಟಿಗೆ ಸುಳ್ಳು ಹೇಳಿದೆ, ಶೀನಪ್ಪ ಏನೂ ಮಾಡಿಲ್ಲ ಎಂದೆ. ಅಷ್ಟೇ ನನ್ನ ಭಾಷಣ.

ವಯಸ್ಸಾದ ಒಬ್ಬ ಹೆಂಗಸು ಬಗ್ಗಿ ಹಳೆಯ ಪೆಟ್ಟಿಗೆಯನ್ನು ನೋಡಿ, "ಹಂಗಾರೆ ಇದನ್ನ ಕೆಲಸದಿಂದ ತೆಗೀರಿ," ಎಂದಳು. ಎಲ್ಲರೂ ನಕ್ಕರು. ರೈಟರ್ ನಗಲಿಲ್ಲ. "ಸಾಕು, ಚೀಲ ತನ್ನಿ, ಕತ್ತಲಾಗ್ತಾ ಬಂತು," ಎಂದು ತಕ್ಕಡಿಯ ಕೊಂಡಿ ಸರಿಮಾಡಿದ.

ಸಾಲಿನ ಮೊದಲಲ್ಲಿ ರತ್ನ ಇದ್ದಳು. ಅವಳು ಚೀಲ ಎತ್ತಲಿಲ್ಲ. ಅವಳ ಹಿಂದಿನವಳೂ ಎತ್ತಲಿಲ್ಲ. ಯಾರೂ ಒಬ್ಬರಿಗೊಬ್ಬರು ಏನೂ ಹೇಳಿಕೊಂಡದ್ದನ್ನು ನಾನು ಕಾಣೆ. ಕೊಯ್ದ ಹಣ್ಣನ್ನು ಅವತ್ತೇ ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕದಿದ್ದರೆ ಹುಳಿ ಹಿಡಿಯುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಷಯ. ಪಲ್ಪರ್ ಮನೆಯಲ್ಲಿ ಎಂಜಿನ್ ಆಗಲೇ ಹಚ್ಚಿದ್ದರು, ಅದು ಖಾಲಿ ಓಡುತ್ತಿತ್ತು.

ಮಲ್ಲೇಗೌಡರು ಜಗುಲಿಗೆ ಬಂದರು. "ಎಂತ ಆಯ್ತು? ಹೇಳಿದ್ರಲ್ಲ ಅವರು."

ಗೇಟಿನ ಹೊರಗಿನಿಂದ ಶೀನಪ್ಪ ಮಾತಾಡಿದ. ಒಳಗೆ ಕಾಲಿಡಲಿಲ್ಲ. "ಅವ್ರು ಹೇಳಿದ್ರು ಗೌಡ್ರೆ. ಕಳ್ಳ ಅಂದಿದ್ದು ಅವ್ರಲ್ಲ."

ಗೌಡರು ಪಲ್ಪರ್ ಮನೆಯ ಕಡೆ ನೋಡಿದರು, ಹಣ್ಣಿನ ಚೀಲಗಳ ಕಡೆ ನೋಡಿದರು. ನನ್ನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ, ಕದ್ದದ್ದು ನಾನು ಎಂಬಂತೆ. ಕೊನೆಗೆ ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ನೋಡುತ್ತ, ಗಂಟಲಲ್ಲೇ, "ಶೀನಪ್ಪ ಏನೂ ಮಾಡಿರಲಿಲ್ಲ," ಎಂದರು.

"ಕೇಳಿಸ್ಲಿಲ್ಲ ಗೌಡ್ರೆ," ಎಂದಳು ರತ್ನ.

ಗೌಡರು ತಲೆ ಎತ್ತಿದರು. ಎರಡನೆಯ ಸಲ ಹೇಳಿದ್ದು ಗೇಟಿನ ಹೊರಗೂ ಕೇಳಿಸಿತು.